ಎರಡನೆಯ ಬ್ರೇಕು

ದೋಣಿಗೆ ಹೋದದ್ದು ಬೇಕರಿಗೆ ಬರಬೇಕಿದ್ದ ಹೊಸ ಒಲೆ. ಅದನ್ನು ಹೊತ್ತು ತಿರುಗುವ ಟ್ರೈಲರಿಗೆ ಹೋದದ್ದು ಸೋರುವ ತಾರಸಿಯ ರಿಪೇರಿ. ಹಗ್ಗ, ಲಂಗರು, ಲೈಫ್ ಜಾಕೆಟ್ಟು, ಮೇಲೆ ಹೊದಿಸುವ ಟಾರ್ಪಾಲು, ಇಷ್ಟಕ್ಕೆ ಹೋದದ್ದು ಗಂಡ ಹೆಂಡಿರು ವರ್ಷಕ್ಕೊಮ್ಮೆ ತೆಗೆದುಕೊಳ್ಳುತ್ತಿದ್ದ ರಜೆ. ಎಂಜಿನ್ನಿಗೆ ಮಾತ್ರ ಮನೆಯಿಂದ ಬಿಡಿಗಾಸೂ ಹೋಗಲಿಲ್ಲ. ಅದನ್ನು ಕೊಡಿಸಿದವನು ಷಡ್ಡಕ. ಅದಕ್ಕೆ ಹೋದದ್ದು ಮೇಷ್ಟ್ರು.

ಬೇಕರಿಯವನ ಹೆಂಡತಿ ಈ ಲೆಕ್ಕವನ್ನು ಬೆರಳು ಮಡಿಸಿ ಮಡಿಸಿ ಹೇಳುತ್ತಿದ್ದಳು. ಲೆಕ್ಕ ಮುಗಿದ ಮೇಲೆ ಕೈ ಮುಷ್ಟಿಯಾಗಿ ಉಳಿಯಿತು. ಬೀಗದಮ್ಮ ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟಿನ ಮೇಜಿನ ಮುಂದೆ ಕೂತು, ಕೇಳಿಸಿಕೊಳ್ಳುತ್ತಲೇ, ಕೈಯಲ್ಲಿದ್ದ ಒಂದು ಕೀಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಳು.

"ಆ ದೋಣಿ ನನ್ನ ಸವತಿ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ದೆ, ನಿಜ," ಎಂದಳು ಅವಳು. "ಮುಳುಗಿ ಹೋಗಲಿ ಅಂತಾನೂ ಅಂದಿದ್ದೆ. ಅಂದ ಮಾತಿಗೆಲ್ಲ ಕೈ ಕಾಲು ಬರೋ ಹಾಗಿದ್ರೆ ನಮ್ಮತ್ತೆ ನನ್ನನ್ನ ಯಾವತ್ತೋ ಮುಗಿಸಿರ್ತಿದ್ರು."

ದೋಣಿ ಮುಳುಗಿರಲಿಲ್ಲ. ಕಳೆದ ಭಾನುವಾರ, ದೊಡ್ಡ ಪ್ರಯಾಣಕ್ಕೆ ಮುಂಚಿನ ಪರೀಕ್ಷೆಯ ಓಟದಲ್ಲಿ, ನದಿಗೆ ಅಡ್ಡ ಕಟ್ಟಿದ ಒಡ್ಡಿನ ಹತ್ತಿರ ಎಂಜಿನ್ ಸತ್ತು, ದೋಣಿ ಒಡ್ಡಿನ ಗೋಡೆಯ ಮೇಲಿಂದ ಕೆಳಗಿನ ಬಂಡೆಗಳ ಮೇಲೆ ಬಿದ್ದಿತ್ತು. ಷಡ್ಡಕನ ಸೊಂಟ ಮುರಿದಿತ್ತು. ಅವನು ಮತ್ತೆ ನಡೆಯುತ್ತಾನೋ ಇಲ್ಲವೋ ಎಂದು ಆಸ್ಪತ್ರೆಯವರು ಬಾಯಿ ಬಿಡುತ್ತಿರಲಿಲ್ಲ. ದೋಣಿಯ ಪೆಟ್ರೋಲ್ ಡಬ್ಬಿಯಲ್ಲಿ ನೀರು ಸಿಕ್ಕಿತ್ತು.

ಷಡ್ಡಕನ ಹೆಂಡತಿ ಎಂದರೆ ಬೇಕರಿಯವನ ಹೆಂಡತಿಯ ಒಡಹುಟ್ಟಿದ ತಂಗಿ. ಅವಳು ಆಸ್ಪತ್ರೆಯಿಂದಲೇ ಹೇಳಿ ಕಳಿಸಿದ್ದಳು. ಸೋಮವಾರ ಬೆಳಗ್ಗೆಯ ಒಳಗೆ ಮಾಡಿದವರು ಯಾರೆಂದು ತಿಳಿಯದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ, ದೂರಿನಲ್ಲಿ ಅಕ್ಕನ ಹೆಸರೇ ಬರೆಸುತ್ತೇನೆ ಎಂದು. ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಂಡು ಬೆಳೆದವರು. ಈಗ ಅಕ್ಕ ಬ್ರೆಡ್ಡು ತೆಗೆದುಕೊಂಡು ಹೋದರೆ ತಂಗಿ ಆಸ್ಪತ್ರೆಯ ಬಾಗಿಲಲ್ಲೇ ತಡೆದು ವಾಪಸ್ ಕಳಿಸುತ್ತಿದ್ದಳು.

ಇವತ್ತು ಶನಿವಾರ.

ಬೀಗದಮ್ಮನಿಗೆ ಆ ಹೆಸರು ಬಂದದ್ದು ಮೂಲೆಯ ಬೀಗ ರಿಪೇರಿ ಅಂಗಡಿಯಿಂದ. ಗಂಡ ಹೋದ ಮೇಲೂ ಅಂಗಡಿ ಮುಚ್ಚದೆ, ಊರಿನ ಅರ್ಧ ಬಾಗಿಲುಗಳನ್ನು ತೆಗೆದುಕೊಟ್ಟವಳು. ಬಾಗಿಲು ತೆಗೆಯುವಾಗ ಮನೆಯೊಳಗಿನದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಕಂಡದ್ದನ್ನು ಹೇಳದೆ ಇರುವುದು ಅವಳಿಗೆ ಗೊತ್ತಿತ್ತು. ಆದ್ದರಿಂದಲೇ ಜನ ಪೊಲೀಸರಿಗೆ ಮುಂಚೆ ಅವಳ ಹತ್ತಿರ ಬರುತ್ತಿದ್ದರು.

ಎದುರಿನ ಗೋಡೆಯ ಉದ್ದಕ್ಕೂ ನದಿಯ ನಕ್ಷೆ ಹರಡಿತ್ತು. ಪಕ್ಕದ ಬೀದಿಯಿಂದ ಕಿಟಕಿಯಲ್ಲಿ ಇಣುಕಿದರೂ ಕಾಣುವಷ್ಟು ದೊಡ್ಡದು. ಊರಿನ ಮೇಲ್ಗಡೆಯಿಂದ ಹಿಡಿದು ನದಿ ಸಮುದ್ರ ಸೇರುವ ಜಾಗದವರೆಗೆ ಗುಂಡುಸೂಜಿಗಳು. ಮೊದಲನೆಯದು ಪರೀಕ್ಷೆಯ ಓಟದ ಜಾಗ, ಉಳಿದ ಒಂದೊಂದು ಸೂಜಿಯೂ ಒಂದೊಂದು ದಿನದ ತಂಗುದಾಣ. ಎಲ್ಲಿ ದಡ ಗಟ್ಟಿ, ಎಲ್ಲಿ ಕೆಸರು, ಯಾವ ಹಳ್ಳಿಯಲ್ಲಿ ಪೆಟ್ರೋಲ್ ಬಂಕು ನೀರಿನ ಹತ್ತಿರವಿದೆ, ಎಲ್ಲಿ ಡಬ್ಬಿ ಹೊತ್ತು ನಡೆಯಬೇಕು, ಯಾವ ಸೇತುವೆ ಎಷ್ಟು ತಗ್ಗು, ನದಿ ಕವಲೊಡೆದಾಗ ಯಾವ ಕವಲು ಹಿಡಿಯಬೇಕು, ಎಲ್ಲವೂ ಸಣ್ಣ ಅಕ್ಷರದಲ್ಲಿತ್ತು.

ಅಷ್ಟೂ ಅಕ್ಷರ ಒಬ್ಬರದೇ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರದು.

ಬೇಕರಿಯವನೂ ಮೇಷ್ಟ್ರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮೂರು ವಾರ ದೋಣಿಯಲ್ಲೇ ಇದ್ದು ಸಮುದ್ರ ಮುಟ್ಟಬೇಕೆಂಬ ಆಸೆ ಇಬ್ಬರದು. ಆದರೆ ಓಡಾಡಿದವರು ಮೇಷ್ಟ್ರು. ರಜೆ ಸಿಕ್ಕಾಗಲೆಲ್ಲ ಬಸ್ಸು ಹತ್ತಿ ಹೋಗಿ ಸೇತುವೆಗಳ ಮೇಲೆ ನಿಂತು, ಹಗ್ಗ ಇಳಿಬಿಟ್ಟು ಎತ್ತರ ಅಳೆದು ಬಂದಿದ್ದರು. ಇವನು ಬೇಕರಿಯಲ್ಲಿ ಕೂತು, ಎಷ್ಟು ರಸ್ಕು ಸುಟ್ಟುಕೊಂಡರೆ ಮೂರು ವಾರಕ್ಕೆ ಸಾಕು ಎಂದು ಯೋಚಿಸುತ್ತಿದ್ದ.

ದೋಣಿಯಲ್ಲಿ ಮಲಗಲು ಇದ್ದದ್ದು ಎರಡೇ ಹಲಗೆ. ಎಂಜಿನ್ ಕೊಡಿಸಿದ ಷಡ್ಡಕ ಎರಡನೆಯ ಹಲಗೆ ತನ್ನದು ಎಂದ. ಬೇಕರಿಯವನು ನೆಲ ನೋಡಿಕೊಂಡು ಒಪ್ಪಿದ. ಊಟಕ್ಕೆ ಕೂತವನನ್ನು ತುತ್ತು ಎತ್ತುವಾಗ ಎಬ್ಬಿಸಿದ ಹಾಗಾಯಿತು ಮೇಷ್ಟ್ರ ಪಾಡು. ಅವರು ಜಗಳವಾಡಲಿಲ್ಲ. ದೋಣಿ ನಿಲ್ಲಿಸುವ ಶೆಡ್ಡಿನ ಕೀಲಿಯನ್ನು ಮರುದಿನವೇ ತಂದು ಕೌಂಟರಿನ ಮೇಲಿಟ್ಟು, ಒಂದು ಬನ್ನು ಕೊಂಡುಕೊಂಡು, ಚಿಲ್ಲರೆ ಎಣಿಸಿಕೊಂಡು ಹೋದರು.

ಆ ಕೀಲಿ ಈಗ ಬೀಗದಮ್ಮನ ಕೈಯಲ್ಲಿತ್ತು.

ಬೇಕರಿಯವನು ಒಳಗೆ ಬಂದ. ಎಡಗೈ ಕುತ್ತಿಗೆಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ದೊಡ್ಡ ದೇಹ, ಮೆತ್ತಗಿನ ಮಾತು. ಅವತ್ತಿನದನ್ನು ಇನ್ನೊಮ್ಮೆ ಹೇಳಲು ಬೀಗದಮ್ಮ ಕೇಳಿದಳು.

ಅವನು ಹೇಳಿದ. ಪರೀಕ್ಷೆಯ ಓಟ ಊರಿನ ಮೇಲ್ಗಡೆ ಇರುವ ಮಡುವಿನಲ್ಲಿ ನಡೆಯಬೇಕಿತ್ತು. ಅಲ್ಲಿ ನೀರು ಅಗಲವಾಗಿ, ಅಲ್ಲಾಡದೆ ನಿಂತಿರುತ್ತದೆ. ಹಿಂದಿನ ಓಟಗಳೆಲ್ಲ ಅಲ್ಲೇ ಆಗಿದ್ದವು. ಆದರೆ ಶನಿವಾರ ಸಂಜೆ ಷಡ್ಡಕ ಇದೇ ಮೇಜಿನ ಮುಂದೆ ಕೂತು, ನಿಂತ ನೀರಿನಲ್ಲಿ ಸುತ್ತಿ ಪೆಟ್ರೋಲ್ ಯಾಕೆ ಸುಡಬೇಕು, ಇಡೀ ದಾರಿಯಲ್ಲಿ ಕಷ್ಟದ ಜಾಗ ಅಂದರೆ ನಮ್ಮೂರಿನ ಕೆಳಗಿನ ಒಡ್ಡು, ಅದನ್ನೇ ಮೊದಲು ದಾಟಿ ನೋಡೋಣ ಎಂದ. ಒಡ್ಡಿನ ಪಕ್ಕದಲ್ಲಿ ದೋಣಿಗಳು ಹೋಗಲು ಒಂದು ಕಾಲುವೆ ಇದೆ. ನೀರಿನ ಸೆಳೆತ ಒಡ್ಡಿನ ಕಡೆ ಇರುತ್ತದೆ. ಎಂಜಿನ್ನಿನ ಬಲದಲ್ಲೇ ಬಲಕ್ಕೆ ತಿರುಗಿ ಕಾಲುವೆಯ ಬಾಯಿಗೆ ನುಗ್ಗಬೇಕು.

ಸ್ಟೀರಿಂಗ್ ಹಿಡಿದವನು ಷಡ್ಡಕ. ಬೇಕರಿಯವನು ಹಿಂದೆ, ಎಂಜಿನ್ನಿನ ಹತ್ತಿರ. ಎರಡು ಡಬ್ಬಿ ಇದ್ದವು, ಕೆಂಪು ಮುಚ್ಚಳದ್ದು ಒಂದು, ಹಸಿರು ಮುಚ್ಚಳದ್ದು ಒಂದು. ಕೆಂಪಿನಲ್ಲಿ ಅರ್ಧ ಮುಗಿದಿತ್ತು. ತಿರುವು ಬರುವ ಮುಂಚೆ ಬೇಕರಿಯವನೇ ಅದರ ಪೈಪು ಕಿತ್ತು ಹಸಿರಿನದಕ್ಕೆ ಹಾಕಿದ.

"ಯಾಕೆ ಆಗಲೇ ಬದಲಾಯಿಸ್ದೆ?" ಎಂದು ಕೇಳಿದಳು ಬೀಗದಮ್ಮ.

"ಮೇಷ್ಟ್ರು ಕಲಿಸಿದ್ದು ಹಾಗೇ ಅಮ್ಮ. ಕಷ್ಟದ ಜಾಗಕ್ಕೆ ಹೋಗೋ ಮುಂಚೆ ತುಂಬಿದ ಡಬ್ಬಿ ಹಾಕ್ಕೋಬೇಕು. ತಿರುವಿನ ಮಧ್ಯದಲ್ಲಿ ಖಾಲಿ ಆಗಬಾರದು."

"ಮೇಷ್ಟ್ರನ್ನ ಬಿಟ್ರಿ, ಮೇಷ್ಟ್ರ ಪಾಠ ಬಿಡಲಿಲ್ಲ."

ಅವನು ಮುಂದಿನದನ್ನು ಹೇಳಿದ. ಪೈಪಿನಲ್ಲಿ ಉಳಿದಿದ್ದ ಪೆಟ್ರೋಲು ಮುಗಿಯುತ್ತಲೇ ಎಂಜಿನ್ ಕೆಮ್ಮಿತು, ಆಮೇಲೆ ಸುಮ್ಮನಾಯಿತು. ತಾನು ಹಗ್ಗದ ತುದಿ ಹಿಡಿದು ದಡದ ಕಡೆ ಹಾರಿದೆ, ಮರಕ್ಕೆ ಸುತ್ತೋಣ ಅಂದುಕೊಂಡೆ, ಸೆಳೆತಕ್ಕೆ ಹಗ್ಗ ಕೈ ಕಿತ್ತುಕೊಂಡು ಹೋಯಿತು ಎಂದ. ಜನ ಅವನ ಸಾಹಸವನ್ನು ಕೊಂಡಾಡುತ್ತಿದ್ದರು. ಅವನಿಗೆ ಆ ಮಾತು ಹಿಡಿಸುತ್ತಿರಲಿಲ್ಲ, ಬೇಗ ಮುಗಿಸುತ್ತಿದ್ದ.

ಹೆಂಡತಿ ಈ ಹೊತ್ತೆಲ್ಲ ಗೋಡೆಯ ನಕ್ಷೆಯನ್ನೇ ನೋಡುತ್ತಿದ್ದಳು.

ಓಟದ ಜಾಗ ಬದಲಾದದ್ದು ಯಾರಿಗೆ ಗೊತ್ತಿತ್ತು ಎಂದು ಕೇಳಿದ್ದಕ್ಕೆ, ತಾವಿಬ್ಬರು, ಕಾಫಿ ತಂದುಕೊಟ್ಟ ಇವಳು, ಅಷ್ಟೆ ಎಂದ. ಹಿಂದಿನ ಓಟಗಳಲ್ಲಿ ಹಸಿರು ಡಬ್ಬಿ ಎಲ್ಲಿ ಹಾಕುತ್ತಿದ್ದಿರಿ ಎಂದು ಕೇಳಿದ್ದಕ್ಕೆ, ಮಡುವಿನ ನಟ್ಟನಡುವೆ ಎಂದ. ಓಡುವ ದೋಣಿಯಲ್ಲಿ ಡಬ್ಬಿ ಬದಲಿಸುವ ಅಭ್ಯಾಸವಾಗಲಿ ಎಂದು ಮೇಷ್ಟ್ರು ಪ್ರತಿ ಸಲವೂ ಅಲ್ಲೇ ಮಾಡಿಸುತ್ತಿದ್ದರಂತೆ.

ಬೀಗದಮ್ಮ ಎದ್ದು ಸೆರಗಿನಿಂದ ಹಿಟ್ಟು ಕೊಡವಿಕೊಂಡಳು.

ನೀರು ಹಾಕಿದವರು ಮಡುವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹಾಕಿದ್ದರು. ಮಡುವಿನಲ್ಲಿ ಎಂಜಿನ್ ನಿಂತರೆ ಆಗುವುದೇನು? ದೋಣಿ ನಿಂತಲ್ಲೇ ನಿಲ್ಲುತ್ತದೆ. ಮರ್ಯಾದೆ ಮಾತ್ರ ಮುಳುಗುತ್ತದೆ. ಇದು ಯಾರದೋ ಪ್ರಾಣ ತೆಗೆಯುವ ದ್ವೇಷವಲ್ಲ. ಯಾರದೋ ಮುಖ ಕೆಡಿಸುವ ಹೊಟ್ಟೆಕಿಚ್ಚು.

ಇನ್ನು ಕೀಲಿ. ಶೆಡ್ಡಿನ ಬೀಗವನ್ನು ಅವಳು ಬೆಳಗ್ಗೆಯೇ ಬಿಚ್ಚಿ ನೋಡಿದ್ದಳು. ಒಳಗೆ ಒಂದು ಗೀರಿಲ್ಲ. ಕೀಲಿ ಹಾಕಿಯೇ ತೆಗೆದದ್ದು. ಇದ್ದವು ಮೂರು ಕೀಲಿ. ಒಂದು ಬೇಕರಿಯವನ ಜೇಬಿನಲ್ಲಿ, ಒಂದು ಷಡ್ಡಕನದು, ಇನ್ನೊಂದು ಮೇಷ್ಟ್ರು ಕೊಟ್ಟು ಹೋದದ್ದು. ವರ್ಷಗಟ್ಟಲೆ ಜೇಬಿನಲ್ಲಿ ಚಿಲ್ಲರೆಯ ಜೊತೆ ಉರುಳಾಡಿದ ಕೀಲಿಗೆ ಅಂಚು ಸವೆದು ನುಣುಪಾಗಿರುತ್ತದೆ. ಮೇಷ್ಟ್ರು ಕೊಟ್ಟ ಕೀಲಿಯ ಹಲ್ಲು ಬೆರಳು ಗೀರುವಷ್ಟು ಚೂಪಾಗಿತ್ತು. ಅರದ ಗುರುತು ಇನ್ನೂ ಹೊಳೆಯುತ್ತಿತ್ತು.

ಊರಿನಲ್ಲಿ ಕೀಲಿ ಬೇಕಾದವರು ಬೀಗದಮ್ಮನ ಹತ್ತಿರವೇ ಬರುತ್ತಾರೆ. ಇದನ್ನು ಅವಳು ಮಾಡಿರಲಿಲ್ಲ. ಅವಳ ಕಣ್ಣಿಗೆ ಬೀಳಬಾರದು ಎಂದು ಯಾರೋ ಬೇರೆ ಊರಿಗೆ ಹೋಗಿ ಮಾಡಿಸಿದ್ದರು.

ಸ್ನೇಹ ವಾಪಸ್ ಕೊಡು ಎಂದಾಗ ಮೇಷ್ಟ್ರು ನಕಲು ಕೊಟ್ಟು ಅಸಲನ್ನು ತಾವೇ ಇಟ್ಟುಕೊಂಡಿದ್ದರು.

"ಸಿಗ್ತಾರಾ ಅಮ್ಮ?" ಎಂದಳು ಬೇಕರಿಯವನ ಹೆಂಡತಿ, ಬಾಗಿಲವರೆಗೂ ಬಂದು.

"ಸಿಗದೆ ಎಲ್ಲಿಗೆ ಹೋಗ್ತಾರೆ ತಾಯಿ. ನೀನು ಒಂದು ತುತ್ತು ತಿಂದು ಮಲಗು. ಕಣ್ಣು ನೋಡು, ಹೇಗಾಗಿದೆ."

*

ಡ್ರೈವಿಂಗ್ ಸ್ಕೂಲ್ ಎಂದರೆ ಒಂದು ಕೋಣೆ, ಒಂದು ಕಾರು. ಗೋಡೆಯ ಮೇಲೆ ರಸ್ತೆಯ ಚಿಹ್ನೆಗಳ ಪಟ. ಮೇಜಿನ ಗಾಜಿನ ಕೆಳಗೆ ಹಳೆಯ ವಿದ್ಯಾರ್ಥಿಗಳ ಫೋಟೋಗಳು. ಒಂದು ಮೂಲೆಯಲ್ಲಿ, ಕಾರಿಗೂ ರಸ್ತೆಗೂ ಸಂಬಂಧವಿಲ್ಲದ ಒಂದು ದಪ್ಪ ಹಗ್ಗ ಸುರುಳಿ ಸುತ್ತಿಕೊಂಡು ಬಿದ್ದಿತ್ತು.

ಬೀಗದಮ್ಮ ತನಗೆ ಕಾರು ಕಲಿಯಬೇಕು ಎಂದಾಗ ಮೇಷ್ಟ್ರು ಆಶ್ಚರ್ಯಪಡಲಿಲ್ಲ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಈ ವಯಸ್ಸಿನಲ್ಲಿ ಬಂದವರೇ ಚೆನ್ನಾಗಿ ಕಲಿಯುವುದು, ಅವರಿಗೆ ಅವಸರ ಇರುವುದಿಲ್ಲ ಎಂದರು. ಗೋದಾಮಿನ ಹಿಂದಿನ ಖಾಲಿ ಮೈದಾನಕ್ಕೆ ಕಾರು ತಂದು, ಅವಳನ್ನು ಚಾಲಕರ ಸೀಟಿಗೆ ಕೂರಿಸಿ, ತಾವು ಪಕ್ಕಕ್ಕೆ ಬಂದರು.

ಕೀಲಿ ತಿರುಗಿಸಿ ಎಂದರು. ಅವಳು ಕೈ ಹಾಕಿದಳು. ಕಾರಿನ ಕೀಲಿಯ ಜೊತೆ ಗೊಂಚಲಿನಲ್ಲಿ ಇನ್ನೂ ನಾಲ್ಕಾರು ತೂಗುತ್ತಿದ್ದವು. ಅದರಲ್ಲಿ ಒಂದು ಹಿತ್ತಾಳೆಯದು. ಹಲ್ಲೆಲ್ಲ ಸವೆದು, ಮುದುಕರ ಬಾಯಿಯ ಹಾಗೆ ಬೋಳಾಗಿತ್ತು.

ಬೀಗದಮ್ಮ ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಕಾರು ಚಾಲೂ ಮಾಡಿದಳು.

"ಮೆಲ್ಲಗೆ ಕ್ಲಚ್ ಬಿಡಿ ಅಮ್ಮ. ಹೆದರಬೇಡಿ, ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇದೆ."

ಕಾರು ಉಬ್ಬಸದಿಂದ ಮುಂದೆ ಸರಿಯಿತು.

"ಅದನ್ನೇ ಕೇಳೋಣ ಅಂತ ಬಂದೆ ಮೇಷ್ಟ್ರೇ. ದೋಣೀಲೂ ಹೀಗೇ ನಿಮ್ಮದೊಂದು ಬ್ರೇಕ್ ಇಟ್ಟಿದ್ರಾ?"

ಕಾರು ಗಕ್ಕನೆ ನಿಂತಿತು. ಒತ್ತಿದ್ದು ಬೀಗದಮ್ಮ ಅಲ್ಲ.

ಮೈದಾನದ ತುದಿಯಲ್ಲಿ ಯಾರದೋ ನಾಯಿ ಬಂದು, ಕಾರನ್ನು ನೋಡಿ, ಬೇಡವೆನಿಸಿ ಹೋಯಿತು. ಮೇಷ್ಟ್ರ ಕಾಲು ಇನ್ನೂ ಪೆಡಲಿನ ಮೇಲೇ ಇತ್ತು.

"ಕಾಲು ತೆಗೀರಿ," ಎಂದಳು ಬೀಗದಮ್ಮ. "ಕಾರು ಎಲ್ಲಿಗೂ ಹೋಗಲ್ಲ."

"ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲ. ನೀವು ಕೊಟ್ಟ ಕೀಲಿ ಹೊಸದು. ಹಳೇದು ಇಲ್ಲಿ ತೂಗ್ತಾ ಇದೆ. ಇಟ್ಕೊಂಡಿದ್ದು ಯಾಕೆ?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅವರು ಹೇಳಿದ್ದನ್ನು ಬೀಗದಮ್ಮ ಅಡ್ಡ ಮಾತಿಲ್ಲದೆ ಕೇಳಿದಳು. ಮೊದಲು ಅವರಿಗೆ ದೋಣಿಗೆ ಏನೂ ಮಾಡುವ ಯೋಚನೆ ಇರಲಿಲ್ಲ. ಗೆಳೆಯನೂ ಷಡ್ಡಕನೂ ಇಲ್ಲದ ಹೊತ್ತಿನಲ್ಲಿ ಶೆಡ್ಡಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದರು. ಹಗ್ಗಗಳನ್ನು ಸರಿಯಾಗಿ ಸುತ್ತಿಡುತ್ತಿದ್ದರು. ಷಡ್ಡಕ ಹಗ್ಗವನ್ನು ಒದ್ದೆಯಾಗಿಯೇ ಎಸೆದು ಹೋಗುತ್ತಿದ್ದ.

ಒಂದು ದಿನ ಎರಡನೆಯ ಹಲಗೆಯ ಮೇಲೆ ಷಡ್ಡಕ ತಂದಿಟ್ಟ ಹೊಸ ಹಾಸಿಗೆ ಕಂಡಿತು. ಮೆತ್ತನೆಯದು, ನೀಲಿ ಬಣ್ಣದ್ದು. ಆ ಹಲಗೆಯನ್ನು ತಮ್ಮ ಎತ್ತರಕ್ಕೆ ಅಳೆದು, ಕಾಲು ಚಾಚಲು ಜಾಗ ಬಿಟ್ಟು, ಕೊಯ್ದು ಉಜ್ಜಿ ಕೂರಿಸಿದವರು ಮೇಷ್ಟ್ರು. ಷಡ್ಡಕ ಅವರಿಗಿಂತ ಗೇಣುದ್ದ ಕುಳ್ಳ.

"ಅವನ ಕಾಲ ಹತ್ರ ಜಾಗ ಉಳೀತಿತ್ತು ಅಮ್ಮ," ಎಂದರು ಮೇಷ್ಟ್ರು. "ಅಲ್ಲಿ ಅವನ ಚಪ್ಪಲಿ ಇಟ್ಟಿದ್ದ."

ಬೀಗದಮ್ಮನಿಗೆ ನಗುವೂ ಬಂತು, ಕನಿಕರವೂ ಬಂತು. ಎಷ್ಟೋ ಮನೆಗಳಲ್ಲಿ ಇದಕ್ಕಿಂತ ಸಣ್ಣದಕ್ಕೆ ಬಾಗಿಲ ಬೀಗ ಬದಲಾದದ್ದನ್ನು ಅವಳು ಕಂಡಿದ್ದಳು.

ಮೇಷ್ಟ್ರು ಹಸಿರು ಡಬ್ಬಿಗೆ ನೀರು ಹಾಕಿದ್ದು ಅವತ್ತೇ. ಲೆಕ್ಕ ಸರಳವಾಗಿತ್ತು. ಭಾನುವಾರ ಮಡುವಿನ ನಡುವೆ ಎಂಜಿನ್ ನಿಲ್ಲುತ್ತದೆ. ಷಡ್ಡಕ ತನ್ನ ಹೊಸ ಎಂಜಿನ್ನಿನ ಮುಂದೆ ಬೆಪ್ಪನಾಗಿ ಕೂರುತ್ತಾನೆ. ದಡ ದೂರ. ಆಗ ಗೆಳೆಯನಿಗೆ ಒಂದೇ ಹೆಸರು ನೆನಪಾಗುತ್ತದೆ. ಫೋನ್ ಬರುತ್ತದೆ. ಮೇಷ್ಟ್ರು ಬಾಡಿಗೆ ದೋಣಿ ಹಿಡಿದು, ಹಗ್ಗ ತೆಗೆದುಕೊಂಡು ಹೋಗಿ ಎಳೆದು ತರುತ್ತಾರೆ.

"ಕರೀತಾನೆ ಅಂದ್ಕೊಂಡಿದ್ದೆ. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಹಗ್ಗ ರೆಡಿ ಇಟ್ಕೊಂಡು, ಫೋನ್ ಮುಂದೆ ಕೂತಿದ್ದೆ."

"ಕಾರಿನ ಬುದ್ಧಿ ಮೇಷ್ಟ್ರೇ. ಎಂಜಿನ್ ನಿಂತ್ರೆ ಗಾಡಿ ನಿಲ್ಲುತ್ತೆ ಅಂದ್ಕೊಂಡ್ರಿ. ನೀರಿನ ಮೇಲೆ ಎಂಜಿನ್ ನಿಂತ್ರೆ ನಿಲ್ಲೋದು ಎಂಜಿನ್ ಒಂದೇ."

"ಮಡುವಿನಲ್ಲಿ ನಿಲ್ಲುತ್ತೆ. ನಾನು ನೀರು ತಿಳೀದವನಲ್ಲ. ಮಡು ಅಂತಾನೇ ಹಾಕಿದ್ದು."

ಅದು ನಿಜ. ಬೀಗದಮ್ಮ ತಲೆಯಾಡಿಸಿದಳು. ನಿಜವಾದರೂ ಒಬ್ಬ ಮನುಷ್ಯ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಅವನ ಹೆಂಡತಿ ಸೋಮವಾರ ತನ್ನ ಅಕ್ಕನನ್ನೇ ಪೊಲೀಸರ ಬಾಯಿಗೆ ಕೊಡಲಿದ್ದಾಳೆ ಎಂದಳು. ನಾಳೆ ಬೆಳಗ್ಗೆ ನೀವೇ ಆಸ್ಪತ್ರೆಗೆ ಹೋಗಿ ಆ ಹುಡುಗಿಯ ಮುಂದೆ ಇದನ್ನೆಲ್ಲ ಹೇಳಬೇಕು, ಆಮೇಲೆ ಠಾಣೆಗೂ ಹೋಗಬೇಕು, ಜೊತೆಗೆ ನಾನು ಬರುತ್ತೇನೆ ಎಂದಳು. ಲೈಸೆನ್ಸ್ ಹೋಗಬಹುದು, ಸ್ಕೂಲೂ ಹೋಗಬಹುದು. ಅದನ್ನು ಮುಚ್ಚಿಡುವುದು ನ್ಯಾಯ ಅಲ್ಲ ಎಂದು ಅದನ್ನೂ ಹೇಳಿದಳು.

ಮೇಷ್ಟ್ರು ಒಪ್ಪಿಕೊಂಡರು. ಎಲ್ಲಕ್ಕೂ ಹೂಂ ಎಂದರು. ಅಷ್ಟು ಸುಲಭವಾಗಿ ಒಪ್ಪಿದ್ದು ಬೀಗದಮ್ಮನಿಗೆ ಸರಿಬರಲಿಲ್ಲ. ಒತ್ತಿದ ಕೂಡಲೇ ತೆರೆದುಕೊಳ್ಳುವ ಬೀಗಕ್ಕೆ ಒಳಗೆ ಇನ್ನೊಂದು ಚಿಲಕ ಇದ್ದೇ ಇರುತ್ತದೆ.

"ಇನ್ನೂ ಏನೋ ಇದೆ," ಎಂದಳು.

ಮೇಷ್ಟ್ರು ಹ್ಯಾಂಡ್ ಬ್ರೇಕ್ ಎಳೆದರು.

"ನಿಮ್ಮನ್ನ ಇಷ್ಟು ದಿನ ಸುಮ್ಮನಿರಿಸಿದ್ದು ಹೆದರಿಕೆ ಅಲ್ಲ ಮೇಷ್ಟ್ರೇ. ಹೆದರಿದವರು ನೀರು ಹಾಕಿದ ಕೈಯನ್ನ ಜೇಬಲ್ಲಿ ಇಟ್ಕೋತಾರೆ. ನೀವು ಪ್ರಶ್ನೆ ಕೇಳಿದ ತಕ್ಷಣ ಚಾಚಿದ್ರಿ. ಯಾರನ್ನ ಕಾಪಾಡ್ತಾ ಇದ್ದೀರಿ?"

ಮೇಷ್ಟ್ರು ಗೊಂಚಲಿನ ಹಿತ್ತಾಳೆ ಕೀಲಿಯನ್ನು ಮುಟ್ಟಿ ನೋಡಿದರು. ಆಮೇಲೆ ಹೇಳಿದರು. ದಿನವೂ ಸಂಜೆ ಬೇಕರಿಯ ಪಕ್ಕದ ಬೀದಿಯಲ್ಲಿ ಹಾದುಹೋಗುವ ಚಟ ಅವರಿಗೆ ಬಿಟ್ಟಿರಲಿಲ್ಲ. ಒಳಗೆ ಹೋಗುವುದಿಲ್ಲ, ಕಿಟಕಿಯಿಂದ ನಕ್ಷೆ ನೋಡಿಕೊಂಡು ಹೋಗುವುದು. ಆ ಶನಿವಾರವೂ ಹಾಗೇ ನೋಡಿದರು. ಮೊದಲ ಸೂಜಿ ಮಡುವಿನ ಮೇಲೆ ಇರಲಿಲ್ಲ. ಒಡ್ಡಿನ ಮೇಲಿತ್ತು.

ಒಳಗೆ ಷಡ್ಡಕ ನಗುತ್ತಿದ್ದ, ಗೆಳೆಯನೂ ನಗುತ್ತಿದ್ದ. ಅವರ ಮುಂದೆ ಹೋಗಿ ನಿಂತು, ನಾನು ನಿಮ್ಮ ಡಬ್ಬಿಗೆ ನೀರು ಹಾಕಿದ್ದೇನೆ ಎನ್ನಲು ಬಾಯಿ ಬರಲಿಲ್ಲ. ಸ್ಕೂಲಿಗೆ ಓಡಿ ಬಂದು ಬೇಕರಿಗೆ ಫೋನ್ ಮಾಡಿದರು.

"ಎತ್ತಿದ್ದು ಯಾರು?"

"ಅವನ ಹೆಂಡತಿ."

ಬೀಗದಮ್ಮ ಸ್ಟೀರಿಂಗಿನ ಮೇಲಿನ ಕೈ ತೆಗೆದಳು.

"ಏನಂದ್ರಿ?"

"ಎಲ್ಲಾ ಹೇಳ್ದೆ. ಹಸಿರು ಡಬ್ಬೀಲಿ ನೀರಿದೆ, ನಾಳೆ ಮುಟ್ಟಬೇಡ ಅಂತ ಅವನಿಗೆ ಹೇಳಿ ಅಂದೆ. ನಾನೇ ಹಾಕಿದ್ದು ಅಂತಾನೂ ಹೇಳ್ದೆ."

"ಅವಳು?"

"'ಆಯ್ತು ಮೇಷ್ಟ್ರೇ, ಹೇಳ್ತೀನಿ' ಅಂದ್ರು. ಬೈಲಿಲ್ಲ. ಆಗ್ಲೇ ಕರೀತಾನೆ ಅಂತ ಕೂತಿದ್ದೆ ಅಂದಿದ್ದು ಸುಳ್ಳು. ಭಾನುವಾರ ಕೂತಿದ್ದು, ಅವನು ಫೋನ್ ಮಾಡಿ ಬೈತಾನೆ ಅಂತ. ಬೈಗುಳವಾದ್ರೂ ಸರಿ, ಅವನ ದನಿ ಕೇಳಿಸುತ್ತಲ್ಲ ಅಂತ."

*

ಸಂಜೆ ಬೇಕರಿಯ ಷಟರು ಅರ್ಧ ಇಳಿದಿತ್ತು. ಬೀಗದಮ್ಮ ಬಗ್ಗಿ ಒಳಗೆ ಹೋದಳು. ದಾರಿಯುದ್ದಕ್ಕೂ ಅವಳನ್ನು ಕೊರೆಯುತ್ತಿದ್ದದ್ದು ಒಂದೇ. ಮಾಡಿದವರು ಯಾರೆಂದು ಮೊದಲ ದಿನದಿಂದ ಗೊತ್ತಿದ್ದ ಬೇಕರಿಯವನ ಹೆಂಡತಿ, ಪತ್ತೆ ಮಾಡಿಕೊಡಿ ಎಂದು ತನ್ನ ಅಂಗಡಿಯ ಮೆಟ್ಟಿಲು ಹತ್ತಿ ಅತ್ತದ್ದು ಯಾಕೆ? ಅವಳ ಬಾಯಿಂದ ಬರಬಾರದ ಹೆಸರನ್ನು ಇನ್ನೊಬ್ಬರ ಬಾಯಿಂದ ಬರಿಸಲು. ಅಲ್ಲಿಯವರೆಗೆ ಅರ್ಥವಾಗುತ್ತಿತ್ತು. ಅವಳ ಬಾಯಿಂದ ಯಾಕೆ ಬರಬಾರದಿತ್ತು ಎಂಬುದು ಅರ್ಥವಾಗುತ್ತಿರಲಿಲ್ಲ.

ಹಿಂದಿನ ಕೋಣೆಯಲ್ಲಿ ಗಂಡ ಒಂದೇ ಕೈಯಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದ. ಹೆಂಡತಿ ಮೇಜು ಒರೆಸುತ್ತಿದ್ದಳು. ಬೀಗದಮ್ಮ ಕೂರಲಿಲ್ಲ.

ಮೇಷ್ಟ್ರು ಒಪ್ಪಿಕೊಂಡರು ಎಂದಳು. ಗಂಡನ ಕೈಯ ತಟ್ಟೆ ಸ್ವಲ್ಪ ಸದ್ದು ಮಾಡಿತು. ಹೆಂಡತಿ ದೊಡ್ಡ ಉಸಿರು ಬಿಟ್ಟು ಮೇಜಿಗೆ ಕೈಯೂರಿದಳು. ತಂಗಿಗೆ ಈಗಲೇ ಹೇಳಿ ಕಳಿಸಬಹುದೇ ಎಂದು ಕೇಳಿದಳು.

"ಕಳಿಸೋಣ. ಅದಕ್ಕೆ ಮುಂಚೆ ಒಂದು ಮಾತು. ಅವತ್ತು ಶನಿವಾರ ಸಂಜೆ ಮೇಷ್ಟ್ರ ಫೋನ್ ಬಂದಿತ್ತಾ?"

ಒರೆಸುವ ಬಟ್ಟೆ ನಿಂತಿತು. ಬೀದಿಯಲ್ಲಿ ಒಂದು ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು.

"ಬಂದಿತ್ತು," ಎಂದಳು ಅವಳು.

"ನೀನು ಹೇಳಲಿಲ್ಲ."

"ಹೇಳ್ದೆ." ಅವಳು ಬೀಗದಮ್ಮನನ್ನು ನೋಡಲಿಲ್ಲ. "ತಂಗಿ ಗಂಡ ಎದ್ದು ಹೋದ ಮೇಲೆ, ಇದೇ ಮೇಜಿನ ಹತ್ರ ಇವರಿಗೆ ಹೇಳ್ದೆ. ಹಸಿರು ಡಬ್ಬಿ ಮುಟ್ಟಬೇಡಿ ಅಂದೆ. ಇವರು ಹೂಂ ಅಂದ್ರು."

ಬೇಕರಿಯವನು ಕೊನೆಯ ತಟ್ಟೆಯನ್ನು ನಿಧಾನವಾಗಿ ಇಟ್ಟ.

"ನನಗೆ ಇವಳು ಏನೂ ಹೇಳಿಲ್ಲ ಅಮ್ಮ."

ದನಿ ಎಂದಿನ ಹಾಗೆ ಮೆತ್ತಗೇ ಇತ್ತು. ಇಬ್ಬರದೂ ಮೆತ್ತಗೇ ಇತ್ತು. ಬೀಗದೊಳಗಿನ ಕೂದಲೆಳೆಯ ಸದ್ದನ್ನು ಹಿಡಿಯುವ ಬೀಗದಮ್ಮನ ಕಿವಿಗೆ ಅದರಲ್ಲಿ ಯಾವುದು ಸುಳ್ಳೆಂದು ಕೇಳಿಸಲಿಲ್ಲ.

"ಇಷ್ಟು ದಿನ ಯಾಕೆ ಬಾಯಿ ಮುಚ್ಚಿಕೊಂಡಿದ್ದೆ?" ಎಂದು ಕೇಳಿದಳು ಅವಳನ್ನು.

"ಫೋನ್ ಬಂತು ಅಂದ್ರೆ ಹೇಳಿದ್ಯಾ ಅಂತ ಕೇಳ್ತಾರೆ. ಹೇಳ್ದೆ ಅಂದ್ರೆ ಇವರನ್ನ ಹಿಡೀತಾರೆ. ಮೇಷ್ಟ್ರು ತಾವಾಗೇ ಸಿಕ್ಕಿಬಿದ್ರೆ ಅಲ್ಲಿಗೇ ಮುಗಿಯುತ್ತೆ ಅಂದ್ಕೊಂಡೆ."

"ಗೊತ್ತಿದ್ದಿದ್ರೆ ನಾನು ಆ ದೋಣಿ ಹತ್ತುತ್ತಿದ್ನಾ?" ಎಂದ ಗಂಡ, ಬೀಗದಮ್ಮನಿಗೆ. "ನನ್ನ ಕೈಯಾರೆ ಆ ಪೈಪ್ ಹಾಕ್ತಿದ್ನಾ? ನಾನೂ ಅದರಲ್ಲೇ ಇದ್ದೆ."

"ಹಾರಿದ್ರಲ್ಲ," ಎಂದಳು ಹೆಂಡತಿ.

ಗಂಡ ಆಗಲೇ ಜೋಡಿಸಿದ್ದ ತಟ್ಟೆಗಳನ್ನು ಮತ್ತೆ ಜೋಡಿಸತೊಡಗಿದ.

ಅವಳು ಹೇಳುವುದು ಸುಳ್ಳಾದರೆ, ಸವತಿ ಎನಿಸಿದ ದೋಣಿಯ ಮೇಲಿನ ಉರಿಯಲ್ಲಿ ಗಂಡನನ್ನೂ ತಂಗಿಯ ಗಂಡನನ್ನೂ ಗೊತ್ತಿದ್ದೇ ಒಡ್ಡಿನ ಬಾಯಿಗೆ ಕಳಿಸಿದ್ದಳು. ಅವನು ಹೇಳುವುದು ಸುಳ್ಳಾದರೆ, ತನ್ನ ದೋಣಿ, ತನ್ನ ಸ್ಟೀರಿಂಗು, ತನ್ನ ಗೆಳೆಯ, ಮೂರನ್ನೂ ಒಂದು ಎಂಜಿನ್ನಿಗೆ ಕಿತ್ತುಕೊಂಡವನ ಬೆನ್ನ ಹಿಂದೆ ಕೂತು, ಹಸಿರು ಮುಚ್ಚಳ ಯಾವುದು ಎಂದು ನೋಡಿಯೇ ಪೈಪು ಸಿಕ್ಕಿಸಿದ್ದ.

ನಾಳೆ ಬೆಳಗ್ಗೆ ಆಸ್ಪತ್ರೆಯಲ್ಲಿ ಆ ತಂಗಿಗೆ ಏನೆಂದು ಹೇಳುವುದು, ಬೀಗದಮ್ಮನಿಗೆ ತಿಳಿಯಲಿಲ್ಲ. ಅವಳು ಷಟರಿನ ಕೆಳಗೆ ಬಗ್ಗಿ ಬೀದಿಗೆ ಬಂದಳು.

ಬೆಳಗ್ಗೆ ಈ ಮನೆಗೆ ಬಂದಾಗ ಒಳಗೆ ಇಬ್ಬರು ನಿರಪರಾಧಿಗಳಿದ್ದರು, ತಪ್ಪಿತಸ್ಥ ಸಿಕ್ಕಿರಲಿಲ್ಲ. ಈಗ ತಪ್ಪಿತಸ್ಥ ಸಿಕ್ಕಿದ್ದ. ನಿರಪರಾಧಿಗಳಲ್ಲಿ ಒಬ್ಬರು ಕಳೆದುಹೋಗಿದ್ದರು.